ಮೂರನೆಯ ಕೂಗು

ಪುಟ್ಟಿ, ಚಿನ್ನಿ, ಮರಿ, ಮೂವರೂ ಕೇಳಿ. ನೀವು ಹೊರಗಿನಿಂದ ‘ಅಜ್ಜೀ’ ಎಂದು ಪೂರ್ತಿ ಕರೆಯುವ ಮೊದಲೇ ನಾನು ‘ಓ’ ಎನ್ನುತ್ತೇನೆಂದು ನಗುತ್ತೀರಿ. ಮೊನ್ನೆ ಮರಿ ಬಾಗಿಲ ಹಿಂದೆ ನಿಂತು ಬರೀ ಕೆಮ್ಮಿದ್ದಕ್ಕೂ ಓ ಎಂದೆನಂತೆ. ನಗಿ, ನನಗೆ ಬೇಸರವಿಲ್ಲ. ಆದರೆ ಅದು ಮುಪ್ಪಿನ ಭ್ರಮೆಯಲ್ಲ. ಅದರ ಹಿಂದೆ ನಮ್ಮವ್ವ ಇದ್ದಾಳೆ. ಬಾಯಲ್ಲಿ ಹೇಳೋಣವೆಂದರೆ ಮೂರು ಜನರೆದುರು ಕೂಡ ನನಗೆ ಮಾತು ಹೊರಡುವುದಿಲ್ಲ, ನಿಮಗೇ ಗೊತ್ತು. ಹಳ್ಳಿಯ ಶಾಲೆಯಲ್ಲಿ ನಾಲ್ಕು ವರ್ಷ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಅದರಲ್ಲೇ ಬರೆಯುತ್ತೇನೆ.

ನಾನು ಹುಟ್ಟಿದ್ದು ದುದ್ದದ ಹತ್ತಿರದ ಒಂದು ಹಳ್ಳಿಯಲ್ಲಿ. ನಮ್ಮವರಲ್ಲಿ ಕೆಲವರು ಕೆರೆ ಗದ್ದೆ ನೆಚ್ಚಿ ಬದುಕಿದವರು, ಕೆಲವರು ಹೊಳೆ ನೆಚ್ಚಿದವರು. ನನ್ನನ್ನು ಹೊಳೆಯವರಿಗೆ ಕೊಟ್ಟರು. ಮಳವಳ್ಳಿಯಿಂದ ಆಚೆ, ಕಾವೇರಿ ಎರಡಾಗಿ ಒಡೆದು ಮತ್ತೆ ಕೂಡುವ ಕಡೆ ಒಂದು ನಡುಗಡ್ಡೆ. ಅದರ ಅಂಚಿನಲ್ಲಿ ನೀರಿಗೆ ಮುಖ ಮಾಡಿದ ಒಂಟಿ ಮನೆ ನಮ್ಮದು. ಮಾವ ಅಲ್ಲಿ ತೆಪ್ಪ ಹಾಕುತ್ತಿದ್ದರು. ಬಿದಿರಿನ ಬುಟ್ಟಿಗೆ ಚರ್ಮ ಹೊದಿಸಿ ಡಾಂಬರು ಬಳಿದ ದುಂಡು ತೆಪ್ಪ, ಎಂಟು ಜನ ಕೂರಬಹುದು. ಅತ್ತೆ ನಾನು ಬರುವ ಮೊದಲೇ ಹೋಗಿದ್ದರು. ಮನೆಯಲ್ಲಿ ಮಾವ, ನಿಮ್ಮ ತಾತ, ನಾನು, ಮೂರೇ ಜನ. ತವರಲ್ಲಿ ಅಪ್ಪ ಇರಲಿಲ್ಲ. ಅಣ್ಣ ಇದ್ದ, ಅವ್ವ ಇದ್ದಳು. ಅವ್ವನಿಗೆ ಉಬ್ಬಸ. ಮದುವೆಯ ಮಾರನೆಯ ದಿನ ನನ್ನನ್ನು ಬಿಟ್ಟು ಹೋದವಳು ಆಮೇಲೆ ನಮ್ಮ ಮನೆಯ ಮುಖ ನೋಡಿರಲಿಲ್ಲ.

ನಡುಗಡ್ಡೆಯ ಮೇಲೆ ಒಬ್ಬ ಸಾಹುಕಾರರು ವಿಹಾರದ ತೋಟ ಮಾಡಿದ್ದರು. ನಾನು ಬಂದ ವರ್ಷ ಅಲ್ಲಿದ್ದದ್ದು ಒಂದಿಷ್ಟು ಗುಲಾಬಿ ಪಾತಿ, ಎರಡು ಉಯ್ಯಾಲೆ, ಬೇಲಿಯೊಳಗೆ ನಾಲ್ಕು ಜಿಂಕೆ. ಮಾರನೆಯ ವರ್ಷ ಕೈಯಲ್ಲಿ ತಿರುಗಿಸುವ ತೊಟ್ಟಿಲ ರಾಟೆ ಬಂತು. ಆಮೇಲೆ ಕಾರಂಜಿ, ತಂಗುವವರಿಗೆ ಹೆಂಚಿನ ಕೋಣೆಗಳು, ಕಾಫಿ ಹೋಟೆಲು. ಪ್ರತಿ ಬೇಸಗೆಯಲ್ಲೂ ತೋಟದ ಬೇಲಿ ಇನ್ನಷ್ಟು ಹೊರಕ್ಕೆ ಸರಿಯುತ್ತಿತ್ತು. ನಿಮ್ಮ ತಾತ ಅಲ್ಲಿ ಗಿಡಗಳಿಗೆ ನೀರು ಬಿಡುವ ಕೆಲಸಕ್ಕಿದ್ದರು.

ತೋಟವೇನೋ ಬೆಳೆಯಿತು. ಜನ ಅಲ್ಲಿಗೆ ಮುಟ್ಟುವುದೇ ಕಷ್ಟ. ಬೆಂಗಳೂರು, ಮೈಸೂರಿನವರು ರೈಲಿನಲ್ಲಿ ಮದ್ದೂರಿಗೆ ಬಂದು ಇಳಿದು, ಬಸ್ಸಿನಲ್ಲಿ ಮಳವಳ್ಳಿ ಹಾದು ಹೊಳೆಯ ಆಚೆ ದಡಕ್ಕೆ ಬರಬೇಕು. ಅಲ್ಲಿ ರಸ್ತೆ ಮುಗಿಯುತ್ತಿತ್ತು. ಒಂದು ಹೊಂಗೆ ಮರ, ಅದರ ಕೆಳಗೆ ಒಂದು ಚಪ್ಪಡಿ ಕಲ್ಲು. ಅಲ್ಲಿ ನಿಂತು ಕೂಗಿದರೆ ಮಾವ ತೆಪ್ಪ ತೆಗೆದುಕೊಂಡು ಹೋಗಿ ಕರೆತರುತ್ತಿದ್ದರು.

ಆದರೆ ಮಾವ ಮೂರನೆಯ ಕೂಗಿಗೆ ಮಾತ್ರ ಏಳುತ್ತಿದ್ದರು.

ಅದು ಆ ಕಡವಿನ, ಎಂದರೆ ತೆಪ್ಪ ಹತ್ತಿ ಹೊಳೆ ದಾಟುವ ಜಾಗದ, ಕಟ್ಟಳೆ. ನಾನು ಮನೆ ತುಂಬಿದ ವಾರದಲ್ಲೇ ಮಾವ ಜಗಲಿಯ ಮೇಲೆ ಕೂತು ನನಗೆ ಹೇಳಿದ್ದರು. “ಒಳೇಲಿ ಮುಳುಗೋದೋರು ಎಲ್ಡು ಸಲ ಕೂಗ್ತಾರೆ ಕಣವ್ವ. ಮೂರನೇದಕ್ಕೆ ಅವ್ರತ್ರ ಉಸ್ರು ಇರಕಿಲ್ಲ. ಮೂರು ಸಲ ಕೂಗ್ದೋರೇ ಮನುಸ್ರು.”

“ದನಿ ಕೇಳುದ್ರೆ ಯಾರು ಅಂತ ಗೊತ್ತಾಗಕಿಲ್ವಾ ಮಾವ?” ಎಂದು ನಾನು ಬಾಗಿಲ ಸಂದಿಯಿಂದ ಕೇಳಿದೆ.

“ಗೊತ್ತಾಯ್ತದೆ. ಅದೇ ಕಷ್ಟ. ನಿನ್ಗೆ ಬೇಕಾದೋರ ಗಂಟ್ಲಲ್ಲೇ ಕೂಗದು ಅದು.”

ಮಾವನ ಅಣ್ಣ ಹಾಗೆ ಹೋದವರಂತೆ. ಹೆಂಡತಿ ತವರಿಂದ ಬಂದಳೆಂದು ಒಂದೇ ಕೂಗಿಗೆ ಎದ್ದು ತುಂಬಿದ ಹೊಳೆಗೆ ತೆಪ್ಪ ತಳ್ಳಿದರು. ಆಚೆ ದಡದಲ್ಲಿ ಯಾರೂ ಇರಲಿಲ್ಲ. ತೆಪ್ಪ ಮೂರು ದಿನದ ಮೇಲೆ ಕೆಳಗಿನ ಬಂಡೆಗಳಲ್ಲಿ ಸಿಕ್ಕಿತು, ಅವರು ಸಿಗಲಿಲ್ಲ. ಆ ಹೆಂಡತಿ ತವರಲ್ಲೇ ಇದ್ದಳು, ಕೂಗಿಯೇ ಇರಲಿಲ್ಲ.

ವರ್ಷಾನುಗಟ್ಟಲೆ ಹೊಳೆಯ ಭೋರಿನಲ್ಲಿ ಕೂತು ಮಾವನ ಕಿವಿ ಮಂದವಾಗಿತ್ತು. ಹಾಗಾಗಿ ಕೇಳಿಸಿಕೊಳ್ಳುವ ಕೆಲಸ ನನಗೆ ಬಂತು. ಹೊಳೆಯಿಂದ ನುಣುಪಾದ ಮೂರು ಕಲ್ಲು ಆರಿಸಿ ಕರಟದಲ್ಲಿ ಇಟ್ಟುಕೊಂಡಿದ್ದೆ. ಒಂದು ಕೂಗು ಕೇಳಿದರೆ ಜಗಲಿಯ ಮೇಲೆ ಒಂದು ಕಲ್ಲು. ಎರಡನೆಯದಕ್ಕೆ ಅದರ ಪಕ್ಕ ಇನ್ನೊಂದು. ಮೂರನೆಯದು ಕೇಳಿದ ಮೇಲೆ ಮೂರನ್ನೂ ತೆಗೆದುಕೊಂಡು ಹೋಗಿ ಮಾವನ ಮುಂದೆ ಇಡುತ್ತಿದ್ದೆ. ಅವರು ಹುಟ್ಟು ಹೆಗಲಿಗಿಟ್ಟು ಏಳುತ್ತಿದ್ದರು. ಮಾವನೆದುರು ಗಟ್ಟಿಯಾಗಿ ಮಾತಾಡುವ ಸೊಸೆಯಲ್ಲ ನಾನು. ಕಲ್ಲಿನ ಭಾಷೆ ನನಗೆ ಸುಲಭವಾಯಿತು.

ಪಟ್ಟಣದವರಿಗೆ ಇದೆಲ್ಲ ಹೇಗೆ ಗೊತ್ತಾಗಬೇಕು. ಒಂದು ಸಲ ಕೂಗಿ ಕಲ್ಲಿನ ಮೇಲೆ ಕೂರುತ್ತಿದ್ದರು. ಬಹಳ ಹೊತ್ತಿನ ಮೇಲೆ ಬೈಯುತ್ತ ಇನ್ನೊಮ್ಮೆ ಕೂಗುತ್ತಿದ್ದರು. ಒಬ್ಬರು ಟೋಪಿಯವರು ತೆಪ್ಪದಿಂದ ಇಳಿಯುತ್ತಲೇ ರೇಗಿದರು. “ಏನಯ್ಯಾ, ಒಂದು ಗಂಟೆಯಿಂದ ಕೂಗ್ತಾ ಇದೀನಿ. ಕಿವಿ ಕೇಳಿಸಲ್ವೇನಯ್ಯ ನಿನಗೆ?”

“ಇಲ್ಲ ಕಣ್ ಸಾಮಿ, ಕೇಳಾಕಿಲ್ಲ” ಎಂದರು ಮಾವ. “ನಿಮ್ಗೆ ಈಜು ಬರಾಕಿಲ್ವಾ?”

ಈ ದೂರುಗಳು ಸಾಹುಕಾರರ ಕಿವಿಗೆ ಬಿದ್ದವು. ಒಂದು ಬೆಳಗ್ಗೆ ಅವರೇ ನಮ್ಮ ಜಗಲಿಗೆ ಬಂದು ಕೂತರು. ನಿಮ್ಮ ತಾತ ಕಂಬ ಹಿಡಿದು ನಿಂತಿದ್ದರು. ನಾನು ಒಳಗೆ ರಾಗಿ ಕೇರುತ್ತ ಎಲ್ಲ ಕೇಳಿಸಿಕೊಂಡೆ. ತೋಟಕ್ಕೆ ಇನ್ನು ಹತ್ತು ಕೋಣೆ ಬರುವುದಿದೆ, ಜನರನ್ನು ಹೀಗೆ ದಡದಲ್ಲಿ ಕಾಯಿಸಿದರೆ ಆಗುವುದಿಲ್ಲ ಎಂದರು. ಮೈಸೂರಿನಿಂದ ಒಬ್ಬ ಇಂಜಿನಿಯರು ಬಂದು ನೋಡಿದ್ದಾರೆ, ಈ ದಡದಿಂದ ಆ ದಡಕ್ಕೆ ಕಬ್ಬಿಣದ ಹಗ್ಗ ಕಟ್ಟಿ ದೋಣಿ ಎಳೆಯಬಹುದಂತೆ ಎಂದರು.

“ಕಟ್ಟಿ ಬುದ್ದಿ” ಎಂದರು ಮಾವ. “ಮುಂಗಾರಲ್ಲಿ ಮರದ ದಿಮ್ಮಿ ತೇಲ್ಕಂಡು ಬಂದು ತಗಲಾಕ್ಕತಾವೆ. ಸೌದೆಗಾಯ್ತದೆ.”

“ಪೀಪಾಯಿ ಮೇಲೆ ಹಲಗೆ ಹಾಸಿ ಸೇತುವೆ?”

“ಎಮ್ಮೆ ಬತ್ತಾವೆ ಅದ್ರ ಮ್ಯಾಲೆ. ನಿಮ್ಮ ಗುಲಾಬಿ ತಿನ್ನಕೆ.”

ನಿಮ್ಮ ತಾತ ನಗುವುದನ್ನು ತಡೆಯಲಾರದೆ ಮುಖ ತಿರುಗಿಸಿದರು. ಸಾಹುಕಾರರೂ ನಕ್ಕರು, ಆದರೆ ಬಿಡಲಿಲ್ಲ. ನಡುಗಡ್ಡೆಯ ಇನ್ನೊಂದು ಬದಿಯಲ್ಲಿ ಹಳೆಯ ಕಲ್ಲು ಸೇತುವೆಯಿದೆ, ಸುತ್ತುಬಳಸಿಯಾದರೂ ಅಲ್ಲಿಗೆ ರಸ್ತೆ ಮಾಡಿಸಿ ಬಸ್ಸನ್ನೇ ತೋಟದ ಬಾಗಿಲಿಗೆ ತರಿಸುವ ಯೋಚನೆಯೂ ಇದೆ ಎಂದರು. ಅದಾಗುವವರೆಗೆ ಒಂದು ಉಪಾಯ. ಆಚೆ ದಡದ ಹೊಂಗೆ ಮರಕ್ಕೆ ಒಂದು ರೈಲು ಕಂಬಿಯ ತುಂಡು ತೂಗು ಹಾಕುವುದು. ಬಂದವರು ಸುತ್ತಿಗೆಯಿಂದ ಒಂದೇಟು ಹೊಡೆದರೆ ತೆಪ್ಪ ಹೊರಡಬೇಕು.

“ಒಂದೇಟಿಗಾ?” ಎಂದರು ಮಾವ.

“ಒಂದೇಟಿಗೆ.”

“ಆಗಾಕಿಲ್ಲ ಬುದ್ದಿ.”

ಅವರು ಹೋದ ಮೇಲೆ ಅಪ್ಪ ಮಗನಿಗೆ ಜೋರಾಯಿತು. “ದೆವ್ವ ಬಂದು ಕಂಬಿ ಬಡೀತದಾ ಅಪ್ಪ? ಬಸ್ಸಿರೋ ಕಾಲ ಇದು” ಎಂದರು ನಿಮ್ಮ ತಾತ. “ನಿನ್ ಬಸ್ಸು ದಡಕ್ ಬಂದು ನಿಂತ್ಕತದೆ ಕಣ್ಲಾ. ನೀರ್ ಮ್ಯಾಲೆ ಬರದು ನಾನು” ಎಂದರು ಮಾವ. ಎರಡು ದಿನದಲ್ಲಿ ಕಂಬಿಯ ತುಂಡು ಬಂತು, ಸುತ್ತಿಗೆಯೂ ಬಂತು. ಮಾವ ಅವನ್ನು ಹಿತ್ತಲಲ್ಲಿ ಹುಲ್ಲಿನ ಮೆದೆಯ ಪಕ್ಕ ಹಾಕಿಸಿದರು. ಅದರ ಮೇಲೆ ಕುಂಬಳದ ಬಳ್ಳಿ ಹಬ್ಬಿತು.

ಅಷ್ಟರಲ್ಲಿ ಎರಡನೆಯ ಮಹಾಯುದ್ಧ ಜೋರಾಗಿ ಪೆಟ್ರೋಲು ಸಿಗದಂತಾಯಿತು. ಬಸ್ಸಿನ ಹಿಂದೆ ಹಂಡೆಯಂಥ ಒಲೆ ಕಟ್ಟಿ, ಇದ್ದಿಲು ಹಾಕಿ, ಅದರ ಹೊಗೆಯ ಬಲದಲ್ಲಿ ಓಡಿಸುತ್ತಿದ್ದರು. ಮಳೆಗಾಲದಲ್ಲಿ ತೋಟಕ್ಕೆ ಬರುವವರು ಕಡಿಮೆ. ಹಾಗಾಗಿ ಮಳವಳ್ಳಿಯ ಸಂತೆಯ ದಿನ ಮಾತ್ರ ಬಸ್ಸು ಹೊಳೆಯವರೆಗೆ ಬಂದು, ಹಾಗೇ ತಿರುಗಿ ಹೋಗುತ್ತಿತ್ತು. ಡ್ರೈವರು ಕಾಯುವಂತಿರಲಿಲ್ಲ. ಒಲೆ ತಣಿದರೆ ಮತ್ತೆ ಹೊತ್ತಿಸುವುದು ದೊಡ್ಡ ರಾಮಾಯಣ. ತಪ್ಪಿಸಿಕೊಂಡವರಿಗೆ ಇನ್ನೊಂದು ಸಂತೆಯವರೆಗೆ ಗತಿಯಿಲ್ಲ.

ಆ ಮಳೆಗಾಲದಲ್ಲಿ ನನಗೆ ಏಳು ತಿಂಗಳು. ನಿಮ್ಮ ಅಪ್ಪ ಹೊಟ್ಟೆಯಲ್ಲಿದ್ದ. ಚೊಚ್ಚಲು ತವರಲ್ಲಿ ಆಗಬೇಕು, ಆದರೆ ಬಸುರಿ ತುಂಬಿದ ಹೊಳೆ ದಾಟಬಾರದೆಂದು ಮಾವ ಕಳಿಸಲಿಲ್ಲ. ಅವ್ವ ತಾನೇ ಬಂದು ಬಳೆ ತೊಡಿಸಿ ಹೋಗುತ್ತೇನೆಂದು ಹೇಳಿ ಕಳಿಸಿದಳು. ಅವಳಿಗೆ ಆ ವರ್ಷ ಉಬ್ಬಸ ಹೆಚ್ಚಾಗಿತ್ತು. ‘ಈಗ ನೋಡದಿದ್ದರೆ ಇನ್ನು ಯಾವಾಗ ನೋಡುತ್ತೀನೋ’ ಎಂದಳೆಂದು ಹೇಳಿಕೆ ತಂದವರು ಹೇಳಿದರು. ಆ ಮಾತು ಕೇಳಿದ ದಿನದಿಂದ ನನಗೆ ಅನ್ನ ಸೇರಲಿಲ್ಲ.

ಅವಳು ಅಷ್ಟು ದೂರ ಒಂಟಿಯಾಗಿ ಎಂದೂ ಬಂದವಳಲ್ಲ. ನಾನೇ ಕಾರ್ಡು ಬರೆದೆ. ಅಲ್ಲಿನ ಮೇಷ್ಟ್ರು ಓದಿ ಹೇಳುತ್ತಿದ್ದರು. ಅದರಲ್ಲಿ ಬರೆದದ್ದು ಇಂದಿಗೂ ಬಾಯಿಪಾಠ: ‘ಮಂಡ್ಯದವರೆಗೆ ಅಣ್ಣನ ಗಾಡಿಯಲ್ಲಿ ಬಾ. ಬೆಳಗಿನ ರೈಲು ಹತ್ತಿ ಮದ್ದೂರಿನಲ್ಲಿ ಇಳಿ. ಸ್ಟೇಷನ್ನಿನ ಹೊರಗೆ ಹಿಂದೆ ಒಲೆ ಕಟ್ಟಿದ ಬಸ್ಸು ನಿಂತಿರುತ್ತದೆ. ಸಂತೆ ದಿನವೇ ಬಾ, ಬೇರೆ ದಿನ ಹೊಳೆಗೆ ಬರುವುದಿಲ್ಲ. ಕೊನೆಯಲ್ಲಿ ಹೊಂಗೆ ಮರದ ಹತ್ತಿರ ಇಳಿದು ಕೂಗು.’

ಇಷ್ಟೇ. ಮೂರು ಸಲ ಕೂಗು ಎಂದು ಬರೆಯಲಿಲ್ಲ. ಮರೆತು ಬಿಟ್ಟದ್ದಲ್ಲ. ಕಾರ್ಡಿನಲ್ಲಿ ಜಾಗವಿತ್ತು, ‘ಕೂಗು’ ಎಂದು ಬರೆದು ಕೈ ತಡೆದೆ. ಮೂರು ಸಲ ಎಂದರೆ ಯಾಕೆಂದು ಬರೆಯಬೇಕು. ಯಾಕೆಂದು ಬರೆದರೆ ಹೊಳೆಯಲ್ಲಿ ಹೋದವರ ಮಾತು ಬರೆಯಬೇಕು. ಕಾಯಿಲೆಯವರಿಗೆ ಕಳಿಸುವ ಕಾಗದದಲ್ಲಿ ಸತ್ತವರ ಸುದ್ದಿ ಬರೆಯುತ್ತಾರೆಯೇ? ಅಪಶಕುನ. ಹಾಗೆಂದುಕೊಂಡು ಕೆಳಗೆ ‘ಕ್ಷೇಮ’ ಎಂದು ಬರೆದು ಮುಗಿಸಿದೆ.

ಎರಡು ಸಂತೆ ಕಳೆದವು, ಅವ್ವ ಬರಲಿಲ್ಲ. ಮೂರನೆಯ ಸಂತೆಯ ದಿನ ಬೆಳಗಿನಿಂದ ಜಡಿಮಳೆ. ಹೊಳೆಯ ಮೇಲೆ ಮಂಜು ಕವಿದು ಆಚೆ ದಡ ಕಾಣುತ್ತಿರಲಿಲ್ಲ. ನೀರು ಕೆಂಪಾಗಿ ಏರುತ್ತಿತ್ತು, ಆದರೂ ತೆಪ್ಪ ಹಾಕುವಷ್ಟಿತ್ತು. ನಿಮ್ಮ ತಾತ ತೋಟದಲ್ಲಿದ್ದರು. ಮಾವ ಹಿತ್ತಲ ಚಾವಡಿಯಲ್ಲಿ ತೆಪ್ಪ ಕವುಚಿ ಹಾಕಿ ಡಾಂಬರು ಬಳಿಯುತ್ತಿದ್ದರು. ನಾನು ಕರಟ ಮಡಿಲಲ್ಲಿಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದೆ.

ಮಧ್ಯಾಹ್ನದ ಹೊತ್ತಿಗೆ ಒಂದು ಕೂಗು ಬಂತು.

ಅದರಲ್ಲಿ ನನ್ನ ಹೆಸರಿತ್ತು. ಗಂಟಲು ಅವ್ವನದು. ನನ್ನ ಮೈ ಎದ್ದು ನಿಂತಿತ್ತು, ನಾನು ಏಳಿಸಿದ್ದಲ್ಲ. ಒಂದು ಕಲ್ಲು ಇಟ್ಟೆ. ‘ಅವ್ವ’ ಎಂದು ಬಾಯಿಗೆ ಬಂದದ್ದು ಅಲ್ಲೇ ನಿಂತಿತು. ನಿನಗೆ ಬೇಕಾದವರ ಗಂಟಲಲ್ಲೇ ಕೂಗುವುದು ಅದು. ಅಪ್ಪಟ ಅವ್ವನ ದನಿಯಾಗಿದ್ದಕ್ಕೇ ನನಗೆ ಹೆದರಿಕೆಯಾಯಿತು. ಬೇರೆ ಯಾರದೋ ಆಗಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

ಎರಡನೆಯ ಕೂಗು ಬಂತು. ಅದೇ ದನಿ, ವಸಿ ಸಣ್ಣಗೆ, ಕೊನೆಯಲ್ಲಿ ಎಳೆದಂತೆ. ಎರಡನೆಯ ಕಲ್ಲು ಇಟ್ಟೆ. ಮೂರನೆಯದನ್ನು ಮುಷ್ಟಿಯಲ್ಲಿ ಹಿಡಿದು ನಿಂತೆ. ಹೊಟ್ಟೆಯೊಳಗೆ ಮಗು ಒದೆಯಿತು. ಇನ್ನೊಂದು, ಇನ್ನೊಂದೇ ಒಂದು ಎಂದು ಹೊಳೆಯ ಕಡೆಗೆ ಕಿವಿಯಿಟ್ಟು ನಿಂತೇ ಇದ್ದೆ. ಮಾವನ ಹತ್ತಿರ ಹೋಗಿ ಎರಡು ಕೇಳಿಸಿತು ಎನ್ನಬಹುದಿತ್ತು. ಏನೆಂದು ಹೇಳುವುದು? ಎರಡಕ್ಕೆ ಅವರು ಏಳುವುದಿಲ್ಲ, ಎದ್ದರೆ ಅವರಣ್ಣನ ಗತಿ. ಸ್ವಲ್ಪ ಹೊತ್ತಿಗೆ ಬಸ್ಸಿನ ಹಾರನ್ನು ಕೇಳಿಸಿತು. ಅದು ಕೇಳಿಸಿದ್ದು ಒಂದೇ ಸಲ. ಆಮೇಲೆ ಮಳೆಯ ಸದ್ದು.

ಸಂಜೆ ನಿಮ್ಮ ತಾತನಿಗೂ ನಾನು ಹೇಳಲಿಲ್ಲ.

ಮಾರನೆಯ ಬೆಳಗ್ಗೆ ಯಾರೋ ಎಮ್ಮೆಯವರು ಮೂರು ಸಲ ಕೂಗಿದರೆಂದು ಮಾವ ಆಚೆಗೆ ಹೋದರು. ಬರುವಾಗ ಒಂದು ಗಂಟು ತಂದು ನನ್ನ ಮುಂದಿಟ್ಟರು. “ಒಂಗೆ ಮರದ ಕೊಂಬೆಗೆ ತಗಲಾಕಿದ್ರು. ನಿಂದಾ ನೋಡವ್ವ.”

ಗಂಟು ಬಿಚ್ಚುವ ಮೊದಲೇ ಗೊತ್ತಾಯಿತು. ಅವ್ವನ ಹಳೆಯ ಸೀರೆಯ ತುಂಡು, ಅವಳು ಹಾಕುವ ಎರಡೆಳೆ ಗಂಟು. ಒಳಗೆ ಹುಲ್ಲಿನಲ್ಲಿ ಸುತ್ತಿದ ಹಸಿರು ಬಳೆ, ಹುರಿಹಿಟ್ಟು, ಬೆಲ್ಲ, ಮಗುವಿಗೆಂದು ಹೊಲಿದ ಸಣ್ಣ ಕುಲಾವಿ.

“ಎಷ್ಟು ಕೂಗು ಕೇಳುಸ್ತು?” ಎಂದರು ಮಾವ.

ನಾನು ಎರಡು ಕಲ್ಲು ತೆಗೆದು ಅವರ ಮುಂದಿಟ್ಟೆ.

ಅವರು ಅದನ್ನು ನೋಡಿದರು. ನನ್ನನ್ನು ಬೈಯಲಿಲ್ಲ. “ನೀ ಸರಿಯಾಗೇ ಮಾಡ್ದೆ” ಎಂದೂ ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಆಮೇಲೆ, “ನಾಳೀಕೆ ನಿನ್ ಗಂಡನ್ನ ದುದ್ದಕ್ಕೆ ಕಳುಸ್ತೀನಿ, ಉಸಾರಾಗವ್ರಾ ನೋಡ್ಕಂಡು ಕರ್ಕಂಡೇ ಬರ್ಲಿ” ಎಂದರು.

ನಾಳೆ ಬರುವ ಹೊತ್ತಿಗೆ ಹೊಳೆ ಜಗಲಿಯ ಮೆಟ್ಟಿಲು ಮುಟ್ಟಿತ್ತು. ಕಲ್ಲು ಸೇತುವೆಯೂ ಮುಳುಗಿತು. ತೋಟದ ಜಿಂಕೆಗಳನ್ನು ಹೆಂಚಿನ ಕೋಣೆಗಳಿಗೆ ಕೂಡಿದರು. ಎರಡು ಸಂತೆ ಕಳೆಯುವವರೆಗೆ ಯಾರೂ ಈಚೆ ಬರಲಿಲ್ಲ, ಆಚೆ ಹೋಗಲಿಲ್ಲ. ನಾನು ದಿನವೂ ಬಳೆಗಳನ್ನು ತೆಗೆದು ನೋಡಿ ಮತ್ತೆ ಹುಲ್ಲಿನಲ್ಲಿ ಸುತ್ತಿಡುತ್ತಿದ್ದೆ. ಅವಳ ಕೈಯಲ್ಲೇ ತೊಡಿಸಿಕೊಳ್ಳಬೇಕೆಂದು.

ನೀರು ಇಳಿದ ಮೇಲೆ ಮೊದಲು ಬಂದ ಬಸ್ಸಿನಲ್ಲಿ ಅಣ್ಣ ಬಂದ. ಅಂದು ಮಂಜಿರಲಿಲ್ಲ. ಹೊಂಗೆ ಮರದ ಕೆಳಗೆ ನಿಂತವನ ತಲೆ ಬೋಳಿಸಿದ್ದು ಈ ದಡಕ್ಕೇ ಕಂಡಿತು. ಅವನು ಕೂಗಲೂ ಇಲ್ಲ. ಮಾವ ಕಲ್ಲಿಗೆ ಕಾಯದೆ ತೆಪ್ಪ ತೆಗೆದುಕೊಂಡು ಹೋದರು.

ಅವ್ವ ಮಳೆಯಲ್ಲಿ ನೆನೆದು ಊರು ಸೇರಿ, ನಾಲ್ಕನೆಯ ದಿನ ಉಸಿರು ಸಿಗದೆ ಹೋದಳಂತೆ. ಉಳಿದದ್ದನ್ನು ಅಣ್ಣ ಬಸ್ಸಿನ ಡ್ರೈವರನಿಂದ ಕೇಳಿ ತಿಳಿದಿದ್ದ. ನನಗೆ ಹೇಳಬೇಕೋ ಬೇಡವೋ ಎಂದು ನೋಡಿ, ಕೊನೆಗೆ ಹೇಳಿದ.

“ಎಲ್ಡು ಸಲ ಕೂಗುದ್ಲಂತೆ. ಇನ್ನೊಂದ್ಸಲ ಕೂಗಮ್ಮ ಅಂದ್ನಂತೆ ಅವ. ಅದಕ್ಕೆ ಅವ್ವ, ‘ಬುಡಪ್ಪ, ನನ್ ಮಗ್ಳು ಕೇಳುಸ್ಕಂಡವ್ಳೆ. ಅವ್ಳಿಗೆ ನನ್ ದನಿ ಗೊತ್ತಾಗಾಕಿಲ್ವಾ? ಬತ್ತಾರೆ’ ಅಂತ ಕಲ್ಲಿನ್ ಮ್ಯಾಲೆ ಕುಂತ್ಕಂಡ್ಲಂತೆ. ಬೆಂಕಿ ಆರೋಯ್ತದೆ ಅಂತ ಅವ ಹಾರನ್ ಒಡುದ್ನಂತೆ. ಮಳೇಲಿ ಒಬ್ಳೇ ಬುಟ್ಟೋಗಕೆ ಮನಸ್ಸಾಗ್ದೆ, ಮುಂದಿನ ಸಂತೆಗೆ ಬರೀವಂತೆ ಹತ್ತಮ್ಮ ಅಂತ ಅವನೇ ಕೈ ಹಿಡ್ದು ಹತ್ತುಸ್ಕಂಡ್ನಂತೆ.”

ಗಾಡಿ ಹತ್ತಿ, ರೈಲು ಹತ್ತಿ, ಬಸ್ಸು ಹತ್ತಿ ಬಂದವಳು ಕೊನೆಯ ನೂರು ಮಾರು ನೀರು ದಾಟಲಿಲ್ಲ. ದಾರಿಯನ್ನೆಲ್ಲ ನಾನೇ ಬರೆದು ಕೊಟ್ಟಿದ್ದೆ.

ಅಣ್ಣ ಹೋದ ದಿನ ಮಾವ ಕುಂಬಳದ ಬಳ್ಳಿ ಕಿತ್ತು ಆ ಕಂಬಿಯ ತುಂಡನ್ನು ಹೊರತೆಗೆದರು. ನಿಮ್ಮ ತಾತ ಇನ್ನೊಂದು ತುದಿ ಹಿಡಿದರು. ಇಬ್ಬರೂ ತೆಪ್ಪದಲ್ಲಿ ಹೊತ್ತುಕೊಂಡು ಹೋಗಿ ಹೊಂಗೆ ಮರಕ್ಕೆ ಸರಪಣಿಯಿಂದ ಕಟ್ಟಿದರು. ಅಲ್ಲಿಂದ ಮುಂದೆ ಒಂದೇಟಿಗೇ ಮಾವ ಏಳುತ್ತಿದ್ದರು. ಸಾಹುಕಾರರಿಗೆ ಸಂತೋಷವಾಯಿತು. ಏನಾಯಿತೆಂದು ಅವರಿಗೆ ಯಾರೂ ಹೇಳಲಿಲ್ಲ.

ನಿಮ್ಮ ಅಪ್ಪ ಹುಟ್ಟಿ ಹೊಸ್ತಿಲು ದಾಟುವ ಹೊತ್ತಿಗೆ ಇನ್ನೊಂದು ಶುರುವಾಯಿತು. ಕಂಬಿ ಸದ್ದಾಗದಿದ್ದರೂ ಮಾವ ಏಳತೊಡಗಿದರು. ಮಳೆ ಬೀಳುವ ಮಧ್ಯಾಹ್ನಗಳಲ್ಲಿ ಮಾತ್ರ. ನಾನು ಜಗಲಿಯಲ್ಲೇ ಇರುತ್ತಿದ್ದೆ, ನನಗೆ ಏನೂ ಕೇಳಿಸುತ್ತಿರಲಿಲ್ಲ. “ಕೂಗುದ್ರು ಕಣವ್ವ” ಎನ್ನುತ್ತಿದ್ದರು, ಹತ್ತಿರ ನಿಂತು ಕೂಗಿದರೂ ಕೇಳಿಸದ ಮನುಷ್ಯ. ತೆಪ್ಪ ಆಚೆಗೆ ಹೋಗುತ್ತಿತ್ತು. ಬರಿದಾದ ದಡದಲ್ಲಿ ತೆಪ್ಪದ ಅಂಚು ಹಿಡಿದು ಸ್ವಲ್ಪ ಹೊತ್ತು ನಿಲ್ಲುತ್ತಿದ್ದರು, ವಯಸ್ಸಾದವರನ್ನು ಹತ್ತಿಸಿಕೊಳ್ಳುವಾಗ ನಿಲ್ಲುವ ಹಾಗೆ. ಬರುವಾಗ ನಡುವೆ ಕೂರದೆ ಒಂದು ಬದಿಗೆ ಸರಿದು, ಎದುರು ಬದಿ ಬಿಟ್ಟುಕೊಂಡು ಹುಟ್ಟು ಹಾಕುತ್ತಿದ್ದರು. ತೆಪ್ಪದ ವಿಷಯ ನಿಮಗೆ ಗೊತ್ತಿಲ್ಲ. ಒಬ್ಬನೇ ಒಂದು ಬದಿಗೆ ಕೂತರೆ ಅದು ಆ ಬದಿಗೆ ವಾಲುತ್ತದೆ, ಗಿರ್ರನೆ ಸುತ್ತುತ್ತದೆ. ಅದು ವಾಲುತ್ತಿರಲಿಲ್ಲ. ಸುತ್ತದೆ ನೆಟ್ಟಗೆ ಬರುತ್ತಿತ್ತು. ನಾನು ಕಂಡದ್ದನ್ನು ಬರೆದಿದ್ದೇನೆ, ಅದರ ಅರ್ಥ ನನಗೆ ಗೊತ್ತಿಲ್ಲ.

ಮೊದಲ ಕೆಲವು ಸಲ ಒಳಗೆ ಹೋಗಿ ಬಾಗಿಲು ಹಾಕಿಕೊಂಡೆ. ಒಂದು ದಿನ ಆಗಲಿಲ್ಲ. ಹಸಿರು ಬಳೆ ತೊಟ್ಟುಕೊಂಡೆ, ಅಂದೇ ಮೊದಲು. ಮೆಟ್ಟಿಲಿಳಿದು ಮೊಳಕಾಲು ನೀರಿಗೆ ಹೋಗಿ ತೆಪ್ಪದ ಅಂಚು ಹಿಡಿದು ನಿಂತೆ, ಎದುರು ಬದಿಯದು. ಮಾವ ಹುಟ್ಟು ಒಳಗಿಟ್ಟು ಇಳಿಯುವವರೆಗೂ ಬಿಡದೆ ಹಿಡಿದಿದ್ದೆ. “ನಿಧಾನ ಕಣವ್ವ, ಜಾರ್ತದೆ” ಎಂದರು ಮಾವ. ನನಗೆ ಹೇಳಿದರೋ ಇಲ್ಲವೋ ತಿಳಿಯಲಿಲ್ಲ.

ಯುದ್ಧ ಮುಗಿದ ಮೇಲೆ ಸಾಹುಕಾರರ ಸುತ್ತು ರಸ್ತೆ ಆಯಿತು. ಪೆಟ್ರೋಲಿನ ಬಸ್ಸು ಕಲ್ಲು ಸೇತುವೆ ದಾಟಿ ತೋಟದ ಬಾಗಿಲಿಗೇ ಬಂದು ನಿಂತಿತು. ಕಡವಿಗೆ ಬರುವವರು ಉಳಿಯಲಿಲ್ಲ. ಮಾವ ಹೋದ ವರ್ಷ ನಾವು ಮಂಡ್ಯಕ್ಕೆ ಬಂದು ಗುತ್ತಲಿನಲ್ಲಿ ಮನೆ ಮಾಡಿದೆವು. ಆ ತೋಟ ಈಗ ಇಲ್ಲ. ಕಂಬಿಯ ತುಂಡು ಏನಾಯಿತೋ ಗೊತ್ತಿಲ್ಲ.

ಅವ್ವ ಕೂಗಿದ್ದು ಎರಡೇ. ಒಂದು ಬಾಕಿಯಿದೆ. ಅದು ಯಾವ ಬಾಗಿಲಿನಿಂದ, ಯಾರ ಗಂಟಲಿನಿಂದ ಬರುತ್ತದೋ ಎಂದು, ಯಾರು ಕರೆದರೂ ನಾನು ಮೊದಲೇ ಓ ಎಂದುಬಿಡುತ್ತೇನೆ. ಇಷ್ಟೇ ಮಕ್ಕಳೇ, ನೀವು ನಗುವುದರ ಹಿಂದಿನ ಕತೆ.

ಅವ್ವ ಕೂಗಿದಾಗ ಇಟ್ಟ ಎರಡು ಕಲ್ಲನ್ನು ಮನೆ ಬಿಡುವ ದಿನ ಹೊಳೆಗೇ ಹಾಕಿ ಬಂದೆ. ಮುಷ್ಟಿಯಲ್ಲಿ ಉಳಿದದ್ದು ನನ್ನ ಹತ್ತಿರವೇ ಇದೆ. ಈ ಹಾಳೆಗಳನ್ನು ಮಡಿಸಿ ಟ್ರಂಕಿನಲ್ಲಿ ಅವ್ವನ ಸೀರೆಯ ತುಂಡಿನೊಳಗೆ ಇಟ್ಟು, ಮೇಲೆ ಆ ಕಲ್ಲನ್ನು ಇಡುತ್ತೇನೆ. ನಾನು ಹೋದ ಮೇಲೆ ಟ್ರಂಕು ಬೇಡವೆನಿಸಿದರೆ ಯಾರಿಗಾದರೂ ಕೊಡಿ. ಹಾಳೆಗಳನ್ನು ಮಾತ್ರ ಗೆದ್ದಲು ಮುಟ್ಟದಂತೆ, ಮಳೆ ನೀರು ತಾಗದಂತೆ ಜೋಪಾನ ಮಾಡಿ. ಕಲ್ಲನ್ನು ಅವುಗಳ ಮೇಲಿಂದ ತೆಗೆಯಬೇಡಿ.